ಮಡಿಕೇರಿಯ ಕೋಟೆ ಮತ್ತು ಗದ್ದಿಗೆ

ಮಡಿಕೇರಿಗೆ ಹೋದವರು ಸಾಮಾನ್ಯವಾಗಿ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಜೇನು, ಕಿತ್ತಳೆ ಕೊಂಡು ಹಿಂದಿರುಗುತ್ತಾರೆ. ತಾವು ಅರ್ಧ ದಿನ ಹೆಚ್ಚಿಗೆ ಉಳಿದು ಕೋಟೆಯನ್ನೂ ಗದ್ದಿಗೆಯನ್ನೂ ನೋಡಿಬನ್ನಿ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ, ಮುದ್ದುರಾಜಕೇರಿಯೇ ಮಡಿಕೇರಿಯಾಯಿತೆನ್ನುತ್ತಾರೆ. ಅವನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ. ಅವನಿಟ್ಟ ಜಾಫರಾಬಾದ್ ಎಂಬ ಹೆಸರು ಮಾತ್ರ ನಿಲ್ಲಲಿಲ್ಲ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ ನಾಡನ್ನು ಮರಳಿ ಪಡೆದ. ಅವನ ತಮ್ಮ ಲಿಂಗರಾಜೇಂದ್ರ 1812-14ರಲ್ಲಿ ಕೋಟೆಯೊಳಗೆ ಅರಮನೆಯನ್ನೂ, 1820ರಲ್ಲಿ ಕೆಳಗೆ ಓಂಕಾರೇಶ್ವರ ದೇವಾಲಯವನ್ನೂ ಕಟ್ಟಿಸಿದ. ಶಿವಾಲಯಕ್ಕೆ ಗೋಪುರದ ಬದಲು ಗುಮ್ಮಟ, ನಾಲ್ಕು ಮೂಲೆಗೆ ಮಿನಾರು! ಮುಂದೆ ಕೊಳ, ಅದರ ನಡುವೆ ಮಂಟಪ. ಕೋಟೆಯಲ್ಲಿ ನಿಂತಿರುವ ಗಾರೆಯ ಎರಡು ಆನೆಗಳನ್ನು ಮಕ್ಕಳಿಗೆ ತಪ್ಪದೆ ತೋರಿಸಿ.

ಗದ್ದಿಗೆಯೆಂದರೆ ಅರಸರ ಸಮಾಧಿಗಳು. ಊರಂಚಿನ ಮಹದೇವಪೇಟೆಯ ಕಡೆ ಇವೆ. ಗುಮ್ಮಟದ ಕಟ್ಟಡಗಳಾದರೂ ಮೂಲೆಗಳಲ್ಲಿ ನಂದಿಯಿದೆ. ಅಣ್ಣತಮ್ಮಂದಿರಿಬ್ಬರೂ ಇಲ್ಲಿದ್ದಾರೆ, ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರನಿಲ್ಲ. ಮಾಸ್ತಿಯವರ ಕಾದಂಬರಿಯಿಂದ ಅವನು ತಮಗೆ ಪರಿಚಿತನೇ. 1834ರಲ್ಲಿ ಕಂಪೆನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡು ಅವನನ್ನು ಕಾಶಿಗೆ ಕಳುಹಿಸಿತು. ಕಂಪೆನಿಯಲ್ಲಿ ಸಿಕ್ಕಿಕೊಂಡ ತನ್ನ ಹಣವನ್ನು ಕೇಳಲು 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ, ದಾವೆಯನ್ನೂ ಹೂಡಿದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಜ್ಞಾನಸ್ನಾನದ ತಾಯಿಯಾದಳು. ತಂದೆ ಕೊಡಗನ್ನು ಮತ್ತೆ ಕಾಣದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ.