ಪೆಟ್ಟಿಗೆಗೊಂದು ಜಾಗ, ಚಾಪೆಗೊಂದು ಜಾಗ

ಪ್ರಶ್ನೆ: ಮಗಳು ಇಂಟರ್ನ್‌ಶಿಪ್‌ಗೆ ಹೊರದೇಶಕ್ಕೆ ಹೊರಟಿದ್ದಾಳೆ, ಗುರುತಿಲ್ಲದ ಮೂವರೊಂದಿಗೆ ಒಂದೇ ಮನೆಯಂತೆ. ಹಿಂದೆ ಹೀಗೆಲ್ಲ ಇತ್ತೇ?
– ಓದುಗರೊಬ್ಬರು, ಕಾರವಾರ

ಇತ್ತು, ಅದೂ ನಿಮ್ಮ ನೆರೆಯ ಗೋವಾದವರಲ್ಲೇ. 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಹಾಗಾಗಿ ಕೆಲಸ ಹುಡುಕಿ ಮುಂಬಯಿಗೆ ಹೊರಟ ಗೋವಾದ ಹುಡುಗನಿಗೆ ಅದು ಬೇರೆಯವರ ಆಳ್ವಿಕೆಯ ನೆಲ. ಹಡಗಿನ ಕೆಲಸಕ್ಕೆ ಕಾಯುವವರು, ಅಡುಗೆಯವರು, ದರ್ಜಿಗಳು, ಬ್ಯಾಂಡಿನವರು ಇಳಿದುಕೊಳ್ಳುತ್ತಿದ್ದದ್ದು ‘ಕೂಡ್’ಗಳಲ್ಲಿ. ಇವು ಊರಿನವರೇ ಸೇರಿ ನಡೆಸುವ ವಸತಿ ಕ್ಲಬ್ಬುಗಳು. 19ನೇ ಶತಮಾನದಲ್ಲಿ ಶುರುವಾದವು. ಹೆಚ್ಚಾಗಿ ಊರಿಗೊಂದು ಕೂಡ್; ಆ ಊರಿನವನಾದರೆ ಅತಿ ಕಡಿಮೆ ಬಾಡಿಗೆಗೆ ನೆಲದಲ್ಲಿ ಚಾಪೆ ಹಾಸುವಷ್ಟು ಜಾಗ, ಗೋಡೆಯ ಪಕ್ಕ ಪೆಟ್ಟಿಗೆ ಇಡಲು ಜಾಗ. ಅಷ್ಟೇ. ಖಾಸಗಿತನದ ಮಾತೇ ಇಲ್ಲ! ಸಂಜೆ ಪೂಜಾಪೀಠದ ಮುಂದೆ ಎಲ್ಲರೂ ಕೂತು ಜಪಮಾಲೆ ಪ್ರಾರ್ಥನೆ ಮಾಡಬೇಕು, ಊರ ಸಂತನ ಹಬ್ಬವನ್ನು ಒಟ್ಟಿಗೆ ಆಚರಿಸಬೇಕು. ಹಡಗು ಏರಿದವನ ಪೆಟ್ಟಿಗೆ ಅವನು ಮರಳುವವರೆಗೆ ಅಲ್ಲೇ ಇರುತ್ತಿತ್ತು. ಬೀಗಕ್ಕಿಂತ ಊರಿನ ಹೆಸರೇ ಅದಕ್ಕೆ ಹೆಚ್ಚಿನ ಕಾವಲು ಎಂದು ನನಗನ್ನಿಸುತ್ತದೆ. ಒಂದು ಕೊರತೆ: ಇವು ಬಹುತೇಕ ಗಂಡಸರಿಗಷ್ಟೇ ಇದ್ದ ಆಸರೆ. ನಿಮ್ಮ ಮಗಳಂಥವರಿಗೆ ಅಲ್ಲಿ ಜಾಗ ಸಿಗುವುದು ಅಪರೂಪವಾಗಿತ್ತು.

ಆಕೆಯ ಮನೆಯಲ್ಲಿ ಊರಿನ ನಂಟಿಲ್ಲ, ಆದ್ದರಿಂದ ಕರಾರು ಬೇಕು. ಬಾಡಿಗೆ, ಮುಂಗಡ, ಅಡುಗೆ, ಅತಿಥಿಗಳ ವಿಷಯ ಮೊದಲೇ ಬರೆದುಕೊಳ್ಳಲಿ. ಕೂಡ್‌ಗಳ ಬಗ್ಗೆ ಕುತೂಹಲವಿದ್ದರೆ, ಮುಂಬಯಿಗೆ ಹೋದಾಗ ಧೋಬಿ ತಲಾವ್‌ನಲ್ಲಿ ಮೆಟ್ರೋ ಸಿನಿಮಾದ ಬಳಿಯ ಜೇರ್ ಮಹಲ್ ಕಟ್ಟಡ ನೋಡಿ ಬನ್ನಿ. ಹಲವು ಕೂಡ್‌ಗಳ ನೆಲೆ ಅದೇ.