ಕರ್ನಾಟಕದಲ್ಲಿ ಮಹಿಳಾ ಬಂದಿಗಳ ಪುನರ್ವಸತಿ

ಮಹಿಳಾ ಬಂದಿಗಳ ಪುನರ್ವಸತಿ ಎಂದರೆ ವಿಚಾರಣಾಧೀನರಾಗಿಯೋ ಶಿಕ್ಷೆಗೆ ಒಳಗಾಗಿಯೋ ಸೆರೆಮನೆಯಲ್ಲಿದ್ದ ಸ್ತ್ರೀಯರು ಬಿಡುಗಡೆಯಾದ ಮೇಲೆ ವಸತಿ, ದುಡಿಮೆ, ಆರೋಗ್ಯ ಮತ್ತು ಕುಟುಂಬ ಸಂಬಂಧಗಳನ್ನು ಮರಳಿ ಕಟ್ಟಿಕೊಳ್ಳುವ ಪ್ರಕ್ರಿಯೆ. ಮದ್ಯ ಅಥವಾ ಮಾದಕ ವಸ್ತುಗಳ ವ್ಯಸನವೂ ಇದ್ದವರಿಗೆ ಇದು ಇನ್ನಷ್ಟು ಕಠಿಣ. ಸೆರೆವಾಸ ಒಂದು ಇಲಾಖೆಯ ಹೊಣೆ, ಚಿಕಿತ್ಸೆ ಇನ್ನೊಂದರದು, ಆಶ್ರಯ ಮತ್ತೊಂದರದು. ಬಿಡುಗಡೆಯ ದಿನ ಈ ಮೂರರ ನಡುವಿನ ಕೊಂಡಿ ಸುಲಭವಾಗಿ ಕಳಚುತ್ತದೆ.

ಹಿನ್ನೆಲೆ

ಭಾರತದ ಬಂದಿಗಳಲ್ಲಿ ಮಹಿಳೆಯರ ಪ್ರಮಾಣ ಶೇ. 4ರಷ್ಟು ಮಾತ್ರ. ಸಂಖ್ಯೆ ಕಡಿಮೆ ಎಂಬ ಕಾರಣಕ್ಕೇ ಅವರ ಅಗತ್ಯಗಳು ಬಹುಕಾಲ ಹಿಂದುಳಿದವು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅಧ್ಯಕ್ಷತೆಯ ರಾಷ್ಟ್ರೀಯ ತಜ್ಞರ ಸಮಿತಿಯು 1980ರ ದಶಕದ ಉತ್ತರಾರ್ಧದಲ್ಲಿ ಮಹಿಳಾ ಬಂದಿಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಿತು. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳು ಮಹಿಳೆಯರಿಗೆಂದೇ ರೂಪಿಸಿದ ವ್ಯಸನ ಚಿಕಿತ್ಸೆಯನ್ನೂ ಬಿಡುಗಡೆಯ ನಂತರದ ನೆರವನ್ನೂ ಸೆರೆಮನೆ ಆಡಳಿತದ ಕರ್ತವ್ಯಗಳಲ್ಲಿ ಸೇರಿಸಿವೆ.

ಸಾಮಾನ್ಯವಾಗಿ ಮಹಿಳೆಯರನ್ನು ಪುರುಷರ ಕಾರಾಗೃಹದ ಪ್ರತ್ಯೇಕ ವಿಭಾಗದಲ್ಲಿ ಇರಿಸಲಾಗುತ್ತದೆ. ತುಮಕೂರಿನಲ್ಲಿ ಮಹಿಳೆಯರಿಗಾಗಿಯೇ ಇರುವ ಕಾರಾಗೃಹವಿದೆ. ಇಂತಹ ವ್ಯವಸ್ಥೆಯಿಂದ ಸುರಕ್ಷತೆ ಹೆಚ್ಚುತ್ತದೆ, ಆದರೆ ದೂರದ ಸಮಸ್ಯೆ ಹುಟ್ಟುತ್ತದೆ. ಗುಬ್ಬಿ, ಕುಣಿಗಲ್ ಕಡೆಯವರಿಗೆ ತುಮಕೂರು ಹತ್ತಿರ. ಬೇರೆ ಜಿಲ್ಲೆಯಿಂದ ಬಂದವಳನ್ನು ನೋಡಲು ಕೂಲಿ ಮಾಡುವ ಮನೆಯವರು ಒಂದು ದಿನದ ಸಂಪಾದನೆಯನ್ನೂ ಬಸ್ ಚಾರ್ಜನ್ನೂ ಕಳೆದುಕೊಳ್ಳಬೇಕು. ಭೇಟಿಗಳು ವಿರಳವಾದಂತೆ, ಬಿಡುಗಡೆಯಾದಾಗ ಹಿಂತಿರುಗಬೇಕಾದ ಮನೆಯೂ ದೂರವಾಗುತ್ತದೆ.

ವ್ಯಸನ ಮತ್ತು ಚಿಕಿತ್ಸೆ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಪುರುಷರಲ್ಲಿ ಶೇ. 27.3, ಮಹಿಳೆಯರಲ್ಲಿ ಶೇ. 1.6. ಈ ಅಂತರವೇ ವ್ಯಸನಮುಕ್ತಿ ಕೇಂದ್ರಗಳ ಸ್ವರೂಪವನ್ನು ನಿರ್ಧರಿಸಿದೆ. ಕರ್ನಾಟಕದ ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಶಿಬಿರಾರ್ಥಿಗಳು ಬಹುತೇಕ ಪುರುಷರು. ಹೆಂಡತಿ ಅಲ್ಲಿ ಕುಡುಕನ ಮನೆಯವಳಾಗಿ ಬರುತ್ತಾಳೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತದ ವಿರುದ್ಧದ ಹೋರಾಟಗಳಲ್ಲಿ ಗ್ರಾಮೀಣ ಮಹಿಳೆಯರ ಪಾತ್ರ ದೊಡ್ಡದು. ಆ ಚಿತ್ರದಲ್ಲಿ ಸ್ವತಃ ಕುಡಿತಕ್ಕೆ ಬಿದ್ದ ಹೆಣ್ಣಿಗೆ ಜಾಗವಿರಲಿಲ್ಲ. ಹಾಗಾಗಿ ಆಕೆ ಚಟವನ್ನು ಮುಚ್ಚಿಡುತ್ತಾಳೆ, ವೈದ್ಯರ ಬಳಿಗೆ ತಡವಾಗಿ ಬರುತ್ತಾಳೆ. ಸೇವನೆ ಆರಂಭವಾದ ಮೇಲೆ ಅವಲಂಬನೆಯ ಹಂತವನ್ನು ಮಹಿಳೆಯರು ಪುರುಷರಿಗಿಂತ ಬೇಗ ತಲುಪುತ್ತಾರೆಂಬುದು ವೈದ್ಯಕೀಯ ಅಧ್ಯಯನಗಳಲ್ಲಿ ಕಂಡುಬಂದಿದೆ.

ಬೆಂಗಳೂರು ಕೇಂದ್ರ ಕಾರಾಗೃಹದ 5,024 ಬಂದಿಗಳನ್ನು ಒಳಗೊಂಡ ನಿಮ್ಹಾನ್ಸ್ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಮಾನಸಿಕ ಅಸ್ವಾಸ್ಥ್ಯ ಮತ್ತು ಮಾದಕ ವಸ್ತುಗಳ ಬಳಕೆ ಬಂದಿಗಳಲ್ಲಿ ವ್ಯಾಪಕವಾಗಿರುವುದನ್ನು ಅದು ದಾಖಲಿಸಿತು.

ಬಂಧನವಾದೊಡನೆ ಕುಡಿತ ಒಮ್ಮೆಗೇ ನಿಲ್ಲುವುದರಿಂದ ಕೈನಡುಕ, ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್ ಮತ್ತು ಸನ್ನಿ ಕಾಣಿಸಿಕೊಳ್ಳುತ್ತವೆ. ಇದಕ್ಕೆ ವೈದ್ಯಕೀಯ ಆರೈಕೆ ಬೇಕು. ಬಿಡುಗಡೆಯ ಹೊತ್ತಿನ ಅಪಾಯ ಬೇರೆ ಬಗೆಯದು. ಸೆರೆಯಲ್ಲಿದ್ದಷ್ಟು ಕಾಲ ಅಫೀಮು ವರ್ಗದ ಮಾದಕ ವಸ್ತುಗಳಿಂದ ದೂರವಿದ್ದವರ ದೇಹದಲ್ಲಿ ಅವುಗಳನ್ನು ತಾಳುವ ಶಕ್ತಿ ಕುಗ್ಗಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ಸೇವಿಸಿದರೆ ಸಾವು ಸಂಭವಿಸಬಹುದು. ಮೊದಲ ಎರಡು ವಾರಗಳು ಅತ್ಯಂತ ಅಪಾಯಕಾರಿ. ಆದ್ದರಿಂದ ಚಿಕಿತ್ಸೆಯ ಚೀಟಿ ಮತ್ತು ಮುಂದಿನ ಭೇಟಿಯ ದಿನಾಂಕ ಬಿಡುಗಡೆ ಪತ್ರದ ಜೊತೆಯಲ್ಲೇ ಕೈಸೇರುವುದು ಮುಖ್ಯ. ನಿಮ್ಹಾನ್ಸ್ ಸಂಯೋಜಿಸುವ ಟೆಲಿ-ಮಾನಸ್ ಸೇವೆ (14416) 2022ರಿಂದ ದೂರವಾಣಿಯಲ್ಲಿ ಉಚಿತ ಸಲಹೆ ನೀಡುತ್ತಿದೆ.

ಕಾನೂನಿನ ಅವಕಾಶಗಳು

1985ರ ಮಾದಕ ವಸ್ತುಗಳ ಕಾಯ್ದೆಯ 39ನೇ ಕಲಮಿನಂತೆ, ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ದೋಷಿಯೆಂದು ತೀರ್ಮಾನವಾದ ವ್ಯಸನಿಯನ್ನು ನ್ಯಾಯಾಲಯವು ಆಕೆಯ ಒಪ್ಪಿಗೆ ಪಡೆದು, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳುಹಿಸಬಹುದು. 64-ಎ ಕಲಮು ಅಂತಹ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಆದಾಯಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು.

ಬಿಡುಗಡೆಯ ನಂತರ

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂತಹ ಹೋಬಳಿ ಕೇಂದ್ರದಲ್ಲಾಗಲಿ ಅದರ ಸುತ್ತಲಿನ ಹಳ್ಳಿಗಳಲ್ಲಾಗಲಿ ಜೈಲಿಗೆ ಹೋಗಿ ಬಂದ ಸಂಗತಿ ಗುಟ್ಟಾಗಿ ಉಳಿಯದು. ತೆಂಗು, ಅಡಿಕೆ ತೋಟಗಳ ಕೂಲಿ ಸಿಗುವುದೂ ಪರಿಚಯದ ಮೇಲೆಯೇ. ಗಂಡಸು ಮರಳಿದರೆ ಮನೆಯ ಬಾಗಿಲು ಹೇಗೋ ತೆರೆಯುತ್ತದೆ. ಹೆಂಗಸಿಗೆ ಗಂಡನ ಮನೆ, ತವರು ಎರಡೂ ಮುಚ್ಚಿಕೊಳ್ಳುವುದುಂಟು. ಅಂತಹವರಿಗೆ ರಾಜ್ಯ ಮಹಿಳಾ ನಿಲಯಗಳೂ ಕೇಂದ್ರದ ಶಕ್ತಿ ಸದನಗಳೂ ತಾತ್ಕಾಲಿಕ ಆಶ್ರಯಕ್ಕಾಗಿ ಇವೆ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಸಂಘಗಳು ಸಾಲದ ದಾರಿ. ಆದರೆ ಸಂಘ ನಿಂತಿರುವುದು ಸದಸ್ಯೆಯರ ಪರಸ್ಪರ ನಂಬಿಕೆಯ ಮೇಲೆ, ಬಿಡುಗಡೆಯಾದವಳು ಕಳೆದುಕೊಂಡಿರುವುದೂ ಅದನ್ನೇ. ಬ್ಯಾಂಕ್ ಖಾತೆ, ಪಡಿತರ ಚೀಟಿ, ಆಧಾರ್ ಸರಿಯಿಲ್ಲದಿದ್ದರೆ ಯಾವ ಯೋಜನೆಯೂ ತಲುಪದು. ಹೊಲಿಗೆ, ಬೇಕರಿ ಮುಂತಾದ ತರಬೇತಿಯಷ್ಟೇ ಗಮನವನ್ನು ಈ ಕಾಗದಪತ್ರಗಳೂ ಬೇಡುತ್ತವೆ.

ಮಕ್ಕಳು

ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನೀಡಿದ ತೀರ್ಪಿನಂತೆ ಮಗು 6 ವರ್ಷದವರೆಗೆ ತಾಯಿಯೊಡನೆ ಸೆರೆಮನೆಯಲ್ಲಿ ಇರಬಹುದು. ಆನಂತರ ತಾಯಿಯ ಇಚ್ಛೆಯಂತೆ ಸೂಕ್ತ ಪೋಷಕರಿಗೆ ಒಪ್ಪಿಸಬೇಕು, ಇಲ್ಲವೇ ಸೂಕ್ತ ಸಂಸ್ಥೆಗೆ ಕಳುಹಿಸಬೇಕು. ವಾರಕ್ಕೆ ಒಮ್ಮೆಯಾದರೂ ತಾಯಿಯ ಭೇಟಿಗೆ ಅವಕಾಶವಿರಬೇಕು. ಮಗು ಬಾಲಮಂದಿರದಲ್ಲಿದ್ದರೆ, ಬಿಡುಗಡೆಯಾದ ತಾಯಿ ಅದನ್ನು ಮರಳಿ ಪಡೆಯಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕಾಗುತ್ತದೆ. ಸಮಿತಿ ಮಗುವಿನ ಹಿತವನ್ನು ಅಳೆಯುವಾಗ ಆಕೆಗೆ ಇರಲು ಮನೆ ಇದೆಯೇ, ದುಡಿಮೆ ಇದೆಯೇ, ಚಿಕಿತ್ಸೆ ಮುಂದುವರಿದಿದೆಯೇ ಎಂಬ ಪ್ರಶ್ನೆಗಳು ಏಳುತ್ತವೆ.