ಪಿಕ್‌ನಿಕ್ ದಿನ ಅಮ್ಮನಿಗೂ ಇರಲಿ ರಜೆ!

'ಈ ಸಲ ರಜೇಲಿ ಎಲ್ಲಿಗಾದ್ರೂ ಕರ್ಕೊಂಡು ಹೋಗಮ್ಮಾ...'

ಏಪ್ರಿಲ್ ಬಂತೆಂದರೆ ಎಲ್ಲರ ಮನೆಯಲ್ಲೂ ಮಕ್ಕಳದ್ದು ಇದೇ ರಾಗ. ಊಟಿ, ಗೋವಾ ಅಂತ ಹೊರಡೋಣವೆಂದರೆ ಯಜಮಾನರಿಗೆ ರಜೆ ಸಿಗೋದಿಲ್ಲ, ಪರ್ಸಿಗೂ ಭಾರ. ಬೆಂಗಳೂರಿನವರಿಗೆ ಇದಕ್ಕೆ ಸುಲಭದ ಪರಿಹಾರವೆಂದರೆ ಸುತ್ತಮುತ್ತಲ ಹಳ್ಳಿ ಸೊಗಡಿನ ರೆಸಾರ್ಟ್‌ಗಳು. ಕನಕಪುರ ರಸ್ತೆ, ಮಾಗಡಿ ರಸ್ತೆ, ದೇವನಹಳ್ಳಿ, ರಾಮನಗರ... ಯಾವ ದಿಕ್ಕಿಗೆ ಹೊರಟರೂ ಒಂದೆರಡು ಗಂಟೆಯಲ್ಲಿ ಹೆಂಚಿನ ಮನೆ, ಎತ್ತಿನಗಾಡಿ, ಈಜುಕೊಳ, ಮುದ್ದೆ ಊಟ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡಬಹುದು.

ಕೇಳೋಕೆ ಎಷ್ಟು ಚೆಂದ ಅಲ್ವಾ? ಆದರೆ ಒಂದು ಪ್ರಶ್ನೆ. ಅವತ್ತು ಮನೆಯವರಿಗೆಲ್ಲ ರಜೆ. ನಿಮಗೆ?

ಬೆಳಗಿನ ಜಾವ ಶುರುವಾದ ಕೆಲಸ

ಕಳೆದ ಬೇಸಿಗೆಯಲ್ಲಿ ನಾವು ರಾಮನಗರದ ಕಡೆ ಹೊರಟಿದ್ದೆವು. ನಾವು ನಾಲ್ವರು, ಅತ್ತೆ, ಮೈದುನ, ಓರಗಿತ್ತಿ, ಅವರ ಮಗಳು. ಒಟ್ಟು ಎಂಟು ಜನ. ನಾನು ನಾಲ್ಕೂವರೆಗೇ ಎದ್ದೆ. ಪುಳಿಯೋಗರೆ, ಚಪಾತಿ, ಪಲ್ಯ, ಕಾಯಿ ಚಟ್ನಿ, ಮೊಸರನ್ನ ಎಲ್ಲ ಮಾಡಿ ಡಬ್ಬಿಗೆ ತುಂಬಿದೆ. ಟವೆಲ್ಲು, ಬದಲಿ ಬಟ್ಟೆ, ಅತ್ತೆಯವರ ಬಿ.ಪಿ. ಮಾತ್ರೆ, ಮಂಡಿನೋವಿನ ಎಣ್ಣೆ... ಒಂದನ್ನೂ ಮರೆಯಲಿಲ್ಲ. ಏಳೂವರೆಗೆ ಯಜಮಾನರು ಸ್ನಾನ ಮುಗಿಸಿ ಬಂದು 'ಇನ್ನೂ ರೆಡಿ ಆಗಿಲ್ವಾ? ಟ್ರಾಫಿಕ್ ಶುರುವಾಗುತ್ತೆ' ಅಂದಾಗ ನಾನಿನ್ನೂ ನೈಟಿಯಲ್ಲೇ ಇದ್ದೆ!

ರೆಸಾರ್ಟ್ ಬಾಗಿಲಲ್ಲಿ ಮೊದಲ ಪಾಠವಾಯಿತು. 'ಹೊರಗಿನ ತಿಂಡಿ ಒಳಗೆ ಬಿಡಲ್ಲ ಮೇಡಂ' ಎಂದ ಕಾವಲಿನ ಹುಡುಗ. ತಪ್ಪು ಅವನದ್ದಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಕಾಫಿ-ಬಜ್ಜಿ ಎಲ್ಲ ಸೇರಿಯೇ ನಾವು ಹಣ ಕಟ್ಟಿದ್ದು. ಕೇಳಿಕೊಳ್ಳದೇ ಇದ್ದದ್ದು ನನ್ನ ತಪ್ಪು. ನಾಲ್ಕೂವರೆಗೆ ಎದ್ದು ಮಾಡಿದ್ದೆಲ್ಲ ಕಾರಿನ ಡಿಕ್ಕಿಯಲ್ಲೇ ಉಳಿಯಿತು.

ಒಳಗೆ ಹೋದ ಮೇಲೆ ಚೌಕಾಬಾರ, ಬುಗುರಿ, ಲಗೋರಿ, ಅಳಿಗುಳಿಮಣೆ. ಮಂಡಿ ನೋವು ಅಂತ ಬರೋದಕ್ಕೇ ಒಪ್ಪದಿದ್ದ ಅತ್ತೆ, ಅಳಿಗುಳಿಮಣೆ ಮುಂದೆ ಕೂತು ಮೊಮ್ಮಕ್ಕಳಿಬ್ಬರನ್ನೂ ಸೋಲಿಸಿ, ಬಾಯಿ ತುಂಬ ನಕ್ಕರು. ನಾನು ಮಾತ್ರ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಎಲ್ಲರ ಹಿಂದೆ ಸುತ್ತಿದ್ದೇ ಬಂತು.

ಸದ್ದೇ ಇಲ್ಲದ ಆ ಕ್ಷಣ

ಊಟವಾದ ಮೇಲೆ ಮಕ್ಕಳು ಮತ್ತೆ ನೀರಿಗಿಳಿದರು. ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿ ಒದ್ದೆ ಬಟ್ಟೆ ಹಿಂಡಿ ಕವರಿಗೆ ತುಂಬುತ್ತಿದ್ದೆ. ಯಜಮಾನರು, ಮೈದುನ ಕೊಳದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದರು. ಓರಗಿತ್ತಿ ಮಗಳಿಗೆ ತಲೆ ಒರೆಸುತ್ತಿದ್ದಳು. ಐದು ವರ್ಷದ ನನ್ನ ಮಗ ಚೆಂಡು ಉರುಳಿತೆಂದು ಮಕ್ಕಳ ಕೊಳದಿಂದ ಎದ್ದು, ಪಕ್ಕದ ದೊಡ್ಡವರ ಕೊಳದ ಅಂಚಿಗೆ ಹೋದವನು ಜಾರಿದ.

ಕಿರುಚಲಿಲ್ಲ, ಕೈ ಬೀಸಲಿಲ್ಲ. 'ಧಡ್' ಅಂತ ಸದ್ದೂ ಆಗಲಿಲ್ಲವಂತೆ. ದೂರದ ಮರದ ನೆರಳಲ್ಲಿ ಕೂತಿದ್ದ ಅತ್ತೆ ಮಾತ್ರ 'ಅಯ್ಯೋ ಮಗೂ, ಮಗೂ!' ಅಂತ ಕೂಗಿಕೊಂಡರು. ಕೊಳ ಕಾಯುವ ಹುಡುಗ ಧುಮುಕಿ ಎತ್ತಿದ. ನಾನು ಓಡಿ ಬರುವಷ್ಟರಲ್ಲಿ ಮಗ ಕೆಮ್ಮುತ್ತಾ, ಅಳುತ್ತಾ ಅವರಪ್ಪನ ತೊಡೆ ಮೇಲಿದ್ದ. ಅಳು ಕೇಳಿ ಅಷ್ಟು ಸಂತೋಷವಾಗಿದ್ದು, ಅವನು ಹುಟ್ಟಿದ ದಿನ ಬಿಟ್ಟರೆ ಅವತ್ತೇ.

ದಾರಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಎದೆ ಪರೀಕ್ಷಿಸಿ, 'ಗಾಬರಿ ಏನಿಲ್ಲ. ಆದರೆ ರಾತ್ರಿ ಒಂದು ಕಣ್ಣಿಟ್ಟಿರಿ. ಕೆಮ್ಮು ಜಾಸ್ತಿಯಾದರೆ, ಉಸಿರಾಟಕ್ಕೆ ಕಷ್ಟವಾದರೆ, ತುಂಬಾ ಮಂಕಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ' ಎಂದರು.

ಮನೆಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. ಯಜಮಾನರು 'ನೀನಿದ್ದೀಯ ಅಂದ್ಕೊಂಡೆ' ಅಂದರು. ಮೈದುನ 'ಅತ್ತಿಗೆ ಇದ್ದಾರಲ್ಲ ಅಂದ್ಕೊಂಡೆ' ಅಂದ. ಓರಗಿತ್ತಿಯೂ 'ಅಕ್ಕ ನೋಡ್ಕೊತಾರೆ ಅಂತಿದ್ದೆ' ಅಂದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಅತ್ತೆ ಮಾತ್ರ ಮೆಲ್ಲಗೆ, 'ಎಲ್ಲಾ ಕೆಲ್ಸಾನೂ ನೀನೇ ಮೈಮೇಲೆ ಎಳ್ಕೊಂಡ್ರೆ ಅವ್ರಾದ್ರೂ ಇನ್ನೇನು ಅಂದ್ಕೋಬೇಕಮ್ಮಾ?' ಅಂದರು.

ಆ ಮಾತು ಚುಚ್ಚಿತು. ಆದರೆ ನಿಜವಾಗಿತ್ತು. 'ನಾನಿಲ್ಲದಿದ್ದರೆ ಏನೂ ನಡೆಯೋದಿಲ್ಲ' ಅನ್ನುವುದರಲ್ಲಿ ನಮಗೂ ಒಳಗೊಳಗೇ ಒಂದು ಹೆಮ್ಮೆ ಇರುತ್ತದೆ. 'ಅಮ್ಮ ಇದ್ದಾಳಲ್ಲ' ಅಂತ ಮನೆಮಂದಿಗೆ ಅಭ್ಯಾಸ ಮಾಡಿಸಿದವರೂ ನಾವೇ. ಕೊಳದ ಪಕ್ಕದಲ್ಲಿ ಆ ಅಭ್ಯಾಸ ಎಷ್ಟು ದುಬಾರಿ ಅಂತ ಅವತ್ತು ಗೊತ್ತಾಯಿತು.

ನೀರಿಗೊಬ್ಬ ಕಾವಲು

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ 'ಕಾಪಾಡಿ' ಅಂತ ಕೂಗುವುದು ಅಪರೂಪ. ಬಾಯಿ ನೀರಿನೊಳಗೆ, ಉಸಿರಿಗೇ ಒದ್ದಾಟ. ಕೂಗಲು ಶಕ್ತಿ ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು ಐದು ವರ್ಷದೊಳಗಿನ ಮಕ್ಕಳು.

ಇದಕ್ಕೆ ನಾವು ಕಂಡುಕೊಂಡ ಉಪಾಯ ಒಂದು ಕೆಂಪು ಟೋಪಿ. ಮಕ್ಕಳು ನೀರಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಟೋಪಿ ಹಾಕಿಕೊಂಡಿರಬೇಕು. ಟೋಪಿ ಇದ್ದವರು ಮೊಬೈಲ್ ಮುಟ್ಟುವಂತಿಲ್ಲ, ಹರಟೆ ಹೊಡೆಯುವಂತಿಲ್ಲ, ಕಣ್ಣು ಮಕ್ಕಳ ಮೇಲೇ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಟೋಪಿ ಇನ್ನೊಬ್ಬರ ತಲೆಗೆ. ಅವರು ಹಾಕಿಕೊಳ್ಳುವ ತನಕ ಇವರು ತೆಗೆಯುವಂತಿಲ್ಲ. ತೀರಾ ಚಿಕ್ಕವರಾದರೆ, ಈಜು ಬಾರದವರಾದರೆ ನೋಡುತ್ತಾ ಕೂತರೆ ಸಾಲದು. ಕೈಗೆ ಸಿಗುವಷ್ಟು ಹತ್ತಿರ, ನೀರಿನೊಳಗೇ ಒಬ್ಬರು ಇರಬೇಕು. ಗಾಳಿ ತುಂಬಿದ ತೋಳಪಟ್ಟಿ, ಟ್ಯೂಬುಗಳು ಆಟದ ಸಾಮಾನುಗಳೇ ಹೊರತು ಜೀವರಕ್ಷಕವಲ್ಲ.

ಕೆಲಸ ಹಂಚಿದ ಎರಡನೇ ಪ್ರವಾಸ

ಈ ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಅದೇ ದಿಕ್ಕಿಗೆ ಹೋದೆವು. ಹಿಂದಿನ ದಿನವೇ ಒಂದು ಚೀಟಿ ಬರೆದು ಫ್ರಿಡ್ಜಿಗೆ ಅಂಟಿಸಿದ್ದೆ. ಫೋನ್ ಮಾಡಿ ಎಲ್ಲ ವಿಚಾರಿಸುವುದು, ನೀರು, ಔಷಧಿ ಯಜಮಾನರದ್ದು. ಅವರವರ ಬಟ್ಟೆ-ಟವೆಲ್ಲು ಅವರವರದ್ದು, ಒದ್ದೆ ಬಟ್ಟೆ ಹಿಂಡುವುದೂ ಸೇರಿ. ಏಳನೇ ಕ್ಲಾಸಿನ ಮಗಳು ತಮ್ಮನ ಚೀಲವನ್ನೂ ಜೋಡಿಸಿದಳು. ಟವೆಲ್ಲು ಒಂದು ಮರೆತೇಹೋಯಿತು. ಆಕಾಶವೇನೂ ಬೀಳಲಿಲ್ಲ!

ಹೋಗುವಾಗ ಜಾನಪದ ಲೋಕಕ್ಕೂ ಹೋದೆವು. ಐಎಎಸ್ ಅಧಿಕಾರಿಯಾಗಿದ್ದ ಜಾನಪದ ತಜ್ಞ ಎಚ್.ಎಲ್. ನಾಗೇಗೌಡರು ಕಟ್ಟಿದ ಈ ಜಾಗ 1994ರಿಂದ ಇದೆ. ಒಂದು ಸೂಚನೆ: 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣದ ಒಳಗೆ ಹೋಗದೆ ಹೊರಗಿನಿಂದಲೇ ಸಾಗುತ್ತದೆ. ಜಾನಪದ ಲೋಕವಾಗಲಿ, ಚನ್ನಪಟ್ಟಣದ ಬೊಂಬೆ ಅಂಗಡಿಗಳಾಗಲಿ ಬೇಕೆಂದರೆ ಹಳೇ ರಸ್ತೆಗೆ ಇಳಿಯಲೇಬೇಕು. ಅಲ್ಲಿನ ಮೊರ, ಬೀಸೋಕಲ್ಲು, ಸೇರು-ಪಾವುಗಳ ಮುಂದೆ ನಿಂತು ಅತ್ತೆ ಮೊಮ್ಮಕ್ಕಳಿಗೆ ತಮ್ಮ ಬಾಲ್ಯದ ಕಥೆ ಹೇಳಿದ್ದೇ ಹೇಳಿದ್ದು. ಹಿರಿಯರನ್ನು ಕರೆದೊಯ್ಯುವಾಗ ಅವರಿಗಾಗಿ ಇಂಥದ್ದೊಂದು ಗಂಟೆ ಇರಲಿ. ಇಲ್ಲದಿದ್ದರೆ ಅವರು ಬ್ಯಾಗು ಕಾಯುವುದಕ್ಕಷ್ಟೇ ಬಂದಂತಾಗುತ್ತದೆ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಇನ್ನೊಬ್ಬರು ಬಡಿಸಿದ್ದನ್ನು ಬಿಸಿಬಿಸಿಯಾಗಿ, ಎಲ್ಲರ ಜೊತೆಗೇ ಕೂತು ಉಂಡೆ. ಆಮೇಲೆ ಬೇವಿನ ಮರದ ಕೆಳಗೆ ಮುಕ್ಕಾಲು ಗಂಟೆ ನಿದ್ದೆ! ಎದ್ದಾಗ ಕೊಳದ ಪಕ್ಕ ಯಜಮಾನರು ಕೆಂಪು ಟೋಪಿ ಹಾಕಿಕೊಂಡು ಕಣ್ಣು ಮಿಟುಕಿಸದೆ ಕೂತಿದ್ದರು. ಮಗ ಅವರಪ್ಪನನ್ನು 'ಪೊಲೀಸ್' ಅಂತ ರೇಗಿಸುತ್ತಿದ್ದ.

ಅಂದಹಾಗೆ, ಮೊದಲ ಪ್ರವಾಸದ ದಿನ ಡಿಕ್ಕಿಯಲ್ಲಿ ಉಳಿದ ಅಡುಗೆ ಏನಾಯಿತು ಅಂತೀರಾ? ಚಟ್ನಿ, ಮೊಸರನ್ನ, ಪಲ್ಯ ಎಲ್ಲ ಬಿಸಿಲಿಗೆ ಹಳಸಿ ತೊಟ್ಟಿ ಸೇರಿದವು. ಹುಳಿಯ ದಯೆಯಿಂದ ಉಳಿದದ್ದು ಪುಳಿಯೋಗರೆ ಮಾತ್ರ. ಮಗನನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಅದನ್ನೇ ಎಲ್ಲರೂ ತಿಂದೆವು. ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಪಿಕ್‌ನಿಕ್ ದಿನ ಬೆಳಿಗ್ಗೆ ಒಲೆ ಹಚ್ಚುವುದಿಲ್ಲ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ಇದ್ದೇ ಇದೆಯಲ್ಲ!

ಹೊರಡುವ ಮುನ್ನ

* ಹೊರಗಿನ ಊಟ ಬಿಡುತ್ತಾರೆಯೇ, ದರದಲ್ಲಿ ಏನೇನು ಸೇರಿದೆ, ಮಕ್ಕಳ ದರ ವಯಸ್ಸಿಗೋ ಎತ್ತರಕ್ಕೋ ಎಂದು ಫೋನಿನಲ್ಲೇ ಕೇಳಿ.

* ಎಷ್ಟೋ ಕಡೆ ಈಜುಡುಗೆ ಇಲ್ಲದೆ ಕೊಳಕ್ಕೆ ಬಿಡುವುದಿಲ್ಲ. ಮನೆಯಿಂದಲೇ ಒಯ್ದರೆ ಅಲ್ಲಿ ಕೊಳ್ಳುವ ಖರ್ಚು ಉಳಿಯುತ್ತದೆ.

* ಕೊಳ ಕಾಯುವವರು ಇದ್ದಾರೆಯೇ, ಮಕ್ಕಳ ಕೊಳ ಬೇರೆ ಇದೆಯೇ, ಕೊಳ ಎಷ್ಟು ಆಳ ಎಂದು ವಿಚಾರಿಸಿ. ಕಾಯುವವರಿದ್ದರೂ ನಿಮ್ಮ ಕಾವಲು ತಪ್ಪದಿರಲಿ.

* ಹಿರಿಯರಿದ್ದರೆ ಮೆಟ್ಟಿಲು, ಕಮೋಡ್, ಮಲಗಲು ಕೋಣೆ ಇವುಗಳ ಬಗ್ಗೆ ಕೇಳಲು ಸಂಕೋಚ ಬೇಡ. ಮಾತ್ರೆ ಡಿಕ್ಕಿಯಲ್ಲಿಡದೆ ಕೈಚೀಲದಲ್ಲಿರಲಿ.

* ಯಾರಾದರೂ ಮುಳುಗಿದರೆ ಮೊದಲು ಕೊಳದ ಕಾವಲುಗಾರರನ್ನು ಕೂಗಿ, 112 ಅಥವಾ 108ಕ್ಕೆ ಕರೆ ಮಾಡಿಸಿ. ಹೊಟ್ಟೆ ಒತ್ತಿ, ತಲೆಕೆಳಗು ಮಾಡಿ ನೀರು ತೆಗೆಯಲು ಹೋಗಬೇಡಿ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತುವ ಸಿಪಿಆರ್ ತಕ್ಷಣ ಶುರುವಾಗಬೇಕು. ಮನೆಯಲ್ಲಿ ಒಬ್ಬರಾದರೂ ಇದನ್ನು ಕಲಿತಿರುವುದು ಒಳ್ಳೆಯದು.

* ಕೊನೆಯದಾಗಿ, ಕೆಲಸದ ಚೀಟಿಯಲ್ಲಿ ನಿಮ್ಮ ಹೆಸರಿನ ಮುಂದೆ 'ಒಂದು ಗಂಟೆ ನಿದ್ದೆ' ಅಂತ ಬರೆದುಕೊಳ್ಳುವುದನ್ನು ಮರೆಯಬೇಡಿ!